ಉಂಡ ಮನೆಯ ಮಾತು

ಆ ಊರಿನಲ್ಲಿ ಬಸ್ಸಿಳಿಯುವಾಗ, ಅಲ್ಲಿನ ಭಾಷೆ ನನಗೆ ಬರುತ್ತದೆ ಎಂಬ ವಿಷಯದಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅದನ್ನು ಕ್ರಮವಾಗಿ ಕಲಿತಿದ್ದೆ. ವ್ಯಾಕರಣ ಓದಿ ಪರೀಕ್ಷೆ ಪಾಸು ಮಾಡಿದ್ದೆ. ಆ ಊರಿನ ಪತ್ರಿಕೆಯನ್ನು ಅಂಚೆಯಲ್ಲಿ ತರಿಸಿ, ಶ್ರದ್ಧಾಂಜಲಿ ಜಾಹೀರಾತುಗಳನ್ನೂ ಬಿಡದೆ ಓದುತ್ತಿದ್ದೆ. ನನಗೆ ಪಾಠ ಹೇಳಿದ ಮೇಷ್ಟ್ರು ನನ್ನ ಉಚ್ಚಾರ ಕೇಳಿ, ಅಲ್ಲಿಯವರಿಗಿಂತ ನೀನೇ ವಾಸಿ ಅಂದಿದ್ದರು. ಅವರು ಆ ಊರಿಗೆ ಒಮ್ಮೆಯೂ ಹೋದವರಲ್ಲ ಎಂಬುದನ್ನು ನಾನಾಗ ಗಮನಿಸಿರಲಿಲ್ಲ.

ಬಸ್ ನಿಲ್ದಾಣದ ಮುಂದೆ ಸೈಕಲ್ ಹಿಡಿದು ನಿಂತಿದ್ದ ಒಬ್ಬರನ್ನು, ನಾನು ವರದಿಗಾರನ ಕೆಲಸ ಕೇಳಲು ಬಂದಿದ್ದ ಪತ್ರಿಕೆಯ ಕಚೇರಿಗೆ ದಾರಿ ಯಾವುದೆಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆ ತಿಳಿಯಿತು, ಅದು ಮುಖದಲ್ಲೇ ಕಾಣುತ್ತಿತ್ತು. ಉತ್ತರವನ್ನೂ ಕೊಟ್ಟರು. ನನ್ನ ಕಿವಿಗೆ ಬಿದ್ದದ್ದು ಬಾಣಲೆಯಲ್ಲಿ ಕಡಲೆ ಹುರಿಯುವ ಸದ್ದು. ಇನ್ನೊಮ್ಮೆ ಕೇಳಿದೆ. ಕಡಲೆ ಇನ್ನೊಮ್ಮೆ ಹುರಿಯಿತು. ಅವರು ನಿಟ್ಟುಸಿರು ಬಿಟ್ಟು, ನನ್ನ ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿ, ಮನೆಗೆ ಕರೆದುಕೊಂಡು ಹೋಗಿ ಕೂರಿಸಿ, ಒಗ್ಗರಣೆ ಅವಲಕ್ಕಿಯ ತಟ್ಟೆ ಮುಂದಿಟ್ಟರು. ಎರಡನೇ ತುತ್ತು ಇಳಿಯುವಷ್ಟರಲ್ಲಿ ಕಡಲೆ ಹುರಿಯುವುದು ನಿಂತಿತು.

"ಬಸ್‌ಸ್ಟ್ಯಾಂಡಿನ ಎದುರುಗಡೆ ಅಂತ ಆಗಿಂದ ಬಡ್ಕೋತಾ ಇದೀನಿ ಸ್ವಾಮಿ" ಎಂದು ಅವರು ಹೇಳುತ್ತಿದ್ದರು. "ದೊಡ್ಡ ಬೋರ್ಡು ಬೇರೆ ಹಾಕವ್ರೆ. ಇನ್ನೊಂಚೂರು ಅವಲಕ್ಕಿ?"

ಆ ಊರಿನ ರೀತಿ ಅದು. ಒಬ್ಬರ ಮಾತು ತಿಳಿಯಬೇಕಾದರೆ ಅವರ ಮನೆಯಲ್ಲಿ ಕೂತು, ಆ ಮನೆಯ ಒಲೆಯ ಮೇಲೆ ಬೆಂದದ್ದನ್ನು ಉಣ್ಣಬೇಕು. ಇದು ಹೇಗೆ, ಏಕೆ ಎಂದು ಪತ್ರಿಕೆಯವನ ಅಭ್ಯಾಸಬಲದಿಂದ ನಾನು ಹಲವರನ್ನು ವಿಚಾರಿಸಿದೆ. ಬೆಂಕಿ ಯಾಕೆ ಬಿಸಿ ಎಂದು ಕೇಳಿದವನನ್ನು ನೋಡುವ ಹಾಗೆ ನೋಡಿದರು. ಎಲ್ಲರದೂ ಒಂದೇ ಭಾಷೆ, ಒಂದೇ ಲಿಪಿ. ಎಲ್ಲರೂ ಒಂದೇ ಪತ್ರಿಕೆ ಓದುತ್ತಿದ್ದರು. ಆದರೆ ಬಾಯಿ ತೆರೆದರೆ ಒಂದೊಂದು ಮನೆಗೆ ಒಂದೊಂದು ಧಾಟಿ. ನನ್ನಂಥ ಪುಸ್ತಕದ ಮಾತಿನವರು ಆಡಿದ್ದು ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು. ಅದಕ್ಕೆ ಅವರು 'ಒಲೆಯಿಲ್ಲದ ಮಾತು' ಎಂದು ಹೆಸರಿಟ್ಟಿದ್ದರು. ದನಿಯಲ್ಲಿ ಕನಿಕರವಿರುತ್ತಿತ್ತು.

ಒಂದು ವಿಷಯವನ್ನು ಇಲ್ಲೇ ಸ್ಪಷ್ಟಪಡಿಸಬೇಕು. ಈ ಕಥೆಯಲ್ಲಿ ಬರುವ ಮಾತುಗಳನ್ನು ಕನ್ನಡಕ್ಕೆ ತಂದವನು ನಾನು. ಮನೆಮನೆಯ ಧಾಟಿಯ ವ್ಯತ್ಯಾಸ ತೋರಿಸಲು ನಮ್ಮಲ್ಲಿನ ಬೇರೆ ಬೇರೆ ಸೀಮೆಯ ಕನ್ನಡ ಬಳಸಿದ್ದೇನೆ. ಹೆಸರು, ಊಟ, ನೆಂಟಸ್ತಿಕೆಗಳನ್ನೂ ನಮ್ಮ ಬಾಯಿಗೆ ಹೊಂದಿಸಿದ್ದೇನೆ. ನಮ್ಮಲ್ಲಿ ಸೀಮೆ ಬದಲಾದರೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತದೆ, ಅಲ್ಲಿ ಗೋಡೆ ಬದಲಾದರೆ ತಿಳಿಯುತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ.

ಪತ್ರಿಕೆಯ ಸಂಪಾದಕರು ದಾಸರಯ್ಯ ಎಂಬವರು. ಕುರ್ಚಿಯ ಎರಡು ಕೈಗಳ ನಡುವೆ ಅವರು ಇಳಿಯುವಾಗ ಒಂದು ಸದ್ದು, ಏಳುವಾಗ ಇನ್ನೊಂದು ಸದ್ದು ಬರುತ್ತಿತ್ತು. ನನ್ನ ಪ್ರಮಾಣಪತ್ರಗಳನ್ನು ಅವರು ಮುಟ್ಟಲೂ ಇಲ್ಲ. ಮೊದಲು ಕಚೇರಿಯ ಹಿಂಭಾಗದಲ್ಲೇ ಇದ್ದ ತಮ್ಮ ಮನೆಯಲ್ಲಿ ಕೂರಿಸಿ ಉಪ್ಪಿಟ್ಟು ತಿನ್ನಿಸಿ, ಆಮೇಲೆ ಕೇಳಿದರು:

"ಹೊಟ್ಟೆ ಹೆಂಗೈತಪ್ಪಾ?"

"ಚೆನ್ನಾಗಿದೆ ಸರ್."

"ಹುಳಿ ತಡೀತದಾ? ಖಾರ?"

"ತಡೆಯುತ್ತದೆ."

"ಒಂದೇ ದಿನ ನಾಕು ಮನೆ ಉಣ್ಣಬಲ್ಲೆಯಾ?"

"ಪ್ರಯತ್ನಿಸುತ್ತೇನೆ."

"ನಾಳೆಯಿಂದ ಬಾ" ಅಂದರು. ಹಿಂದಿನ ವರದಿಗಾರ ಅಜೀರ್ಣದಿಂದ ರಾಜೀನಾಮೆ ಕೊಟ್ಟಿದ್ದ.

ಊರು ಈ ರೀತಿಗೆ ಯಾವಾಗಲೋ ಒಗ್ಗಿಕೊಂಡಿತ್ತು. ನ್ಯಾಯಾಧೀಶರು ವಿಚಾರಣೆಗೆ ಮೊದಲು ವಾದಿಯ ಮನೆಯಲ್ಲೊಂದು ಊಟ, ಪ್ರತಿವಾದಿಯ ಮನೆಯಲ್ಲೊಂದು ಊಟ ಮಾಡುತ್ತಿದ್ದರು. ಎರಡೂ ಕಡೆ ಒಂದೇ ಅಳತೆಯ ಸೌಟು ಇರಬೇಕೆಂಬ ಕಟ್ಟಳೆಯಿತ್ತು. ಡಾಕ್ಟರರು ರೋಗಿಯ ಮನೆಗೆ ಹೋದರೆ ಮೊದಲು ಅಡುಗೆಮನೆಗೆ ಹೋಗಿ ಒಂದು ಚಮಚ ಏನಾದರೂ ಬಾಯಿಗೆ ಹಾಕಿಕೊಂಡು, ಆಮೇಲೆ ನೋವೆಲ್ಲಿ ಎಂದು ಕೇಳುತ್ತಿದ್ದರು. ಜಗಳವಾಡಬೇಕಾದರೂ ಉಂಡೇ ಆಡಬೇಕು. ಇಲ್ಲದಿದ್ದರೆ ಬೈದದ್ದು ನಾಟುವುದಿಲ್ಲ. ಹಾಗಾಗಿ ಹಳೆಯ ಶತ್ರುಗಳ ನಡುವೆ ಹೋಗಿಬರುವುದು ಜಾಸ್ತಿಯಿತ್ತು. ಮದುವೆಯ ನಂತರದ ಬೀಗರ ಊಟವಂತೂ ಅಲ್ಲಿ ಮದುವೆಗಿಂತ ಮುಖ್ಯ. ಹೆಣ್ಣುಮಗಳು ಯಾವ ಒಲೆಯ ಮುಂದೆ ದಿನವೂ ಕೂರುತ್ತಾಳೋ ಆ ಮನೆಯ ಧಾಟಿ ಅವಳ ಬಾಯಿಗೆ ಹತ್ತುತ್ತದೆ, ಹತ್ತಿದ್ದು ಮತ್ತೆ ಬಿಡುವುದಿಲ್ಲ. ತಾಯಿ ತಂದೆ ಬೀಗರ ಊಟ ಮುಗಿಸಿ ಬಂದರೆ ಮಗಳ ಮಾತು ಕೈತಪ್ಪುವುದಿಲ್ಲ.

ಹಾಗಾದರೆ ಬರೆದು ತೋರಿಸಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಎದುರಿಗಿರುವವರಿಗೆ ಚೀಟಿ ಬರೆದು ತೋರಿಸುವುದೆಂದರೆ, ನಿನ್ನ ಮನೆಯ ಅನ್ನ ನನಗೆ ಬೇಡ ಎಂದು ಮುಖಕ್ಕೆ ಹೇಳಿದಂತೆ. ಇನ್ನು, ಒಬ್ಬರ ಮಾತನ್ನು ಮೂರನೆಯವರು ತಿಳಿಸಿ ಹೇಳುವುದು ಅದಕ್ಕಿಂತ ಕೀಳು. ಬೇರೆಯವರ ಬಾಯಿಗೆ ಹೋಗಿ ಬಂದ ಮಾತಿಗೆ 'ಎಂಜಲು ಮಾತು' ಎನ್ನುತ್ತಿದ್ದರು. ಎಂಜಲು ಮಾತು ತಂದವನಿಗೆ ಆಮೇಲೆ ಯಾವ ಮನೆಯಲ್ಲೂ ತಟ್ಟೆ ಹಾಕುತ್ತಿರಲಿಲ್ಲ. ವರದಿಗಾರನಿಗೆ ಅದು ಕೆಲಸ ಹೋದಂತೆ.

ನಾನು ಕೋಣೆ ಹಿಡಿದದ್ದು ಗೋದಕ್ಕನ ಮನೆಯಲ್ಲಿ. ಗಂಡ ತೀರಿಕೊಂಡ ಮೇಲೆ ಹಪ್ಪಳ ಒತ್ತಿ ಮಾರಿ ಒಬ್ಬಳೇ ಮಗಳನ್ನು ಬೆಳೆಸಿ ಮದುವೆ ಮಾಡಿಕೊಟ್ಟ ಹೆಂಗಸು. ಮಾತು ಬಲು ಚುರುಕು. ಮೊದಲ ದಿನವೇ ಅಕ್ಕಿರೊಟ್ಟಿ ಕೊಟ್ಟು ನನ್ನ ಕಿವಿ ತೆರೆಸಿದ್ದಳು. ತೆರೆದ ಕಿವಿಗೆ ಮೊದಲು ಬಿದ್ದದ್ದು, "ಪೇಪರ್ನೋರೇ, ಚಪ್ಪಲಿ ಹೊರಗೆ" ಎಂಬ ಮಾತು.

ಉಳಿದ ಮನೆಗಳಿಗೆಲ್ಲ ಒಂದೇ ಸಲ ಹೋಗಿ ಉಣ್ಣುವುದು ಆಗದ ಮಾತು. ಮೊದಮೊದಲು ನಾನು ಪರಭಾಷೆ ಕಲಿಯುವವರೆಲ್ಲ ಮಾಡುವುದನ್ನೇ ಮಾಡಿದೆ. ತಿಳಿಯದಿದ್ದಾಗ ನಗುತ್ತಾ ತಲೆಯಾಡಿಸಿದೆ. ಅವರು ದನಿ ಏರಿಸಿದರೆ ನಾನೂ ಹುಬ್ಬೇರಿಸುತ್ತಿದ್ದೆ, ಇಳಿಸಿದರೆ ಲೊಚಗುಟ್ಟುತ್ತಿದ್ದೆ. ನನ್ನ ಜೊತೆ ಮಾತಾಡುವುದು ಜನರಿಗೆ ಖುಷಿ ಎನಿಸತೊಡಗಿತು. ಒಂದು ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ನನ್ನ ಕಿಟಕಿಯ ಸರಳಿಗೆ ಒಂದು ಎಮ್ಮೆ ಕಟ್ಟಿದೆ. ಪಕ್ಕದ ಮನೆಯವರು ಯಾತ್ರೆಗೆ ಹೊರಟಿದ್ದರು. ಬರುವವರೆಗೆ ಎಮ್ಮೆಯನ್ನು ನೋಡಿಕೊಳ್ಳಲು ನಾನು ನಗುನಗುತ್ತಾ ಒಪ್ಪಿದ್ದೆನಂತೆ.

ಎಮ್ಮೆ ನನ್ನ ಒಣಹಾಕಿದ ಅಂಗಿಯ ತೋಳನ್ನು ಅಗಿಯುತ್ತಿತ್ತು. ಗೋದಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂದು ನಿಂತಳು.

"ಇದೇನ್ರೀ ಇದು?"

"ಎಮ್ಮೆ" ಎಂದೆ. ಆ ಕ್ಷಣಕ್ಕೆ ಖಚಿತವಾಗಿ ಹೇಳಬಹುದಾಗಿದ್ದದ್ದು ಅಷ್ಟೇ.

"ಅದು ಕಾಣ್ತದೆ. ಯಾಕೆ ಇಲ್ಲಿದೆ?"

ವಿಷಯ ತಿಳಿದ ಮೇಲೆ ಅವಳು ಗೋಡೆಗೆ ಒರಗಿ ನಗತೊಡಗಿದಳು. ನಕ್ಕು ನಕ್ಕು ಸಾಕಾಗಿ, ಕಣ್ಣೊರೆಸಿಕೊಂಡು, ಆ ಊರಿನಲ್ಲಿ ನಾನು ಕಲಿತ ಅತ್ಯಂತ ಉಪಯುಕ್ತ ಪಾಠವನ್ನು ಹೇಳಿಕೊಟ್ಟಳು: "ನೋಡಪ್ಪಾ, ತಿಳೀದಿದ್ರೆ ತಲೆ ಆಡಿಸಬೇಡ. ತಟ್ಟೆ ಹಾಕಿ ಅನ್ನು. ಅದ್ರಲ್ಲಿ ನಾಚಿಕೆ ಏನೂ ಇಲ್ಲ."

ಅಂದಿನಿಂದ ಅವಳು ನನ್ನನ್ನು ಏಕವಚನದಲ್ಲಿ ಕರೆಯತೊಡಗಿದಳು. ಎಮ್ಮೆಯ ಹಾಲನ್ನೂ ಅವಳೇ ಕರೆದಳು.

ಗೋದಕ್ಕನ ಮಗಳು ಶೇವಂತಿ. ಅವಳನ್ನು ಕೊಟ್ಟಿದ್ದದ್ದು ಅದೇ ಊರಿನ ಇನ್ನೊಂದು ಕೊನೆಯ ಜಟ್ಟವ್ವನ ಮನೆಗೆ. ಈ ಜಟ್ಟವ್ವನ ಹೆಸರು ಬಂದರೆ ಗೋದಕ್ಕನ ಲಟ್ಟಣಿಗೆ ಹಪ್ಪಳದ ಮೇಲೆ ಒಂದು ಸುತ್ತು ಜಾಸ್ತಿ ಉರುಳುತ್ತಿತ್ತು. ಕಾರಣ ಮದುವೆಯ ದಿನ ನಡೆದದ್ದು. ಅದನ್ನು ನಾನು ಕಣ್ಣಾರೆ ಕಂಡಿಲ್ಲ, ಆದರೆ ಎರಡೂ ಕಡೆಯವರಿಂದ ಬೇರೆ ಬೇರೆಯಾಗಿ ಕೇಳಿದ್ದೇನೆ. ಘಟನೆಯ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಗೋದಕ್ಕ ತನ್ನ ಕೈಯಾರೆ ಮಾಡಿದ ಸಾರನ್ನು ಬೀಗರ ಪಂಕ್ತಿಗೆ ಬಡಿಸಿಕೊಂಡು ಬಂದಳು. ಗಂಡಿನ ತಾಯಿ ಜಟ್ಟವ್ವ ಅದನ್ನು ಬಾಯಿಗೆ ಇಡುವ ಮೊದಲೇ ಕೈಯೆತ್ತಿ ಉಪ್ಪು ಕೇಳಿದಳು. ಪಂಕ್ತಿಯಲ್ಲಿ ಕೂತವರೆಲ್ಲ ಅದನ್ನು ಕಂಡರು.

"ಬಾಯಿಗೆ ಇಟ್ಟು ಕೇಳಿದ್ರೆ ತಪ್ಪು ನಂದು ಅಂತಿದ್ದೆ" ಎಂದು ಗೋದಕ್ಕ ಹೇಳುತ್ತಿದ್ದಳು. "ಇಡೋಕೆ ಮುಂಚೆ ಕೇಳಿದ್ಲಲ್ಲಪ್ಪಾ! ತಪ್ಪಾಯ್ತು ಅಂತ ಅವಳು ಹೇಳೋ ತನಕ ಆ ಮನೇಲಿ ನಾನು ನೀರೂ ಮುಟ್ಟಲ್ಲ."

ಬೀಗರ ಊಟ ನಡೆಯಲೇ ಇಲ್ಲ. ಇದರ ತೊಡಕನ್ನು ಗಮನಿಸಿ. ಜಟ್ಟವ್ವ ಮದುವೆಯಲ್ಲಿ ಉಂಡಿದ್ದಳು, ಉಪ್ಪು ಹಾಕಿಕೊಂಡೇ ಆದರೂ. ಹಾಗಾಗಿ ಗೋದಕ್ಕ ಅಂದದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ಜಟ್ಟವ್ವ ಅಂದದ್ದು ಮಾತ್ರ ಗೋದಕ್ಕನಿಗೆ ತಿಳಿಯುತ್ತಿರಲಿಲ್ಲ. ಆಕೆ ತಪ್ಪಾಯ್ತು ಎಂದರೂ ಗೋದಕ್ಕನಿಗೆ ಅದು ತಿಳಿಯುವುದು ಉಂಡ ಮೇಲೆ. ಗೋದಕ್ಕ ಉಣ್ಣುವುದು ಆಕೆ ತಪ್ಪಾಯ್ತು ಎಂದ ಮೇಲೆ. ಹಬ್ಬಹಬ್ಬಕ್ಕೂ ಜಟ್ಟವ್ವ ಬಾಗಿಲಿಗೆ ಬಂದು ಏನೋ ಹೇಳಿ ಹೋಗುತ್ತಿದ್ದಳು. ಪಾಪ, ಕ್ಷಮೆ ಕೇಳಿ ಹೋದಳು ಎಂದು ಬೀದಿಯವರು ಮಾತಾಡಿಕೊಳ್ಳುತ್ತಿದ್ದರು. ಜಟ್ಟವ್ವನ ಹಿತ್ತಲಿನ ಬಾವಿಕಟ್ಟೆ ಕುಸಿದಾಗ ವರದಿಗೆಂದು ಹೋಗಿ ನಾನು ಆ ಮನೆಯಲ್ಲಿ ಜೋಳದ ರೊಟ್ಟಿ ಉಂಡಿದ್ದೆ. ಆದ್ದರಿಂದ ಆಕೆ ಬಾಗಿಲಲ್ಲಿ ಹೇಳುತ್ತಿದ್ದದ್ದೇನು ಎಂಬುದು ನನಗೆ ಗೊತ್ತಿತ್ತು: "ಉಪ್ಪು ಕಮ್ಮೀನ ಇತ್ರಿ. ಹಂಗಂತ ಊಟಕ್ಕ ಬರೂದು ಬಿಡಬ್ಯಾಡ್ರಿ."

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಗುವುದು ಬಿಟ್ಟರೆ ನಾನು ಮಾಡಬಹುದಾದದ್ದೇನೂ ಇರಲಿಲ್ಲ.

ಆದರೆ ಒಂದು ಸಂತೆಯ ದಿನ ಶೇವಂತಿ ತವರಿಗೆ ಬಂದಾಗ ನನ್ನ ನಗು ಅಡಗಿತು. ಅವಳು ಬಸುರಿ, ಆಗ ಏಳು ತಿಂಗಳು ತುಂಬಿತ್ತು. ಜಗಲಿಯ ಮೇಲೆ ಕಾಲು ಚಾಚಿ ಕೂತು ತಾಯಿಯೊಂದಿಗೆ ಮಾತಾಡುತ್ತಿದ್ದಳು. ಗೋದಕ್ಕ ಹಪ್ಪಳ ಒತ್ತುತ್ತಾ ಹ್ಞೂಂಗುಟ್ಟುತ್ತಿದ್ದಳು. ಮಗಳು ದನಿ ಏರಿಸಿದರೆ ತಾಯಿಯ ಹುಬ್ಬೇರುತ್ತಿತ್ತು, ಇಳಿಸಿದರೆ ತಾಯಿ ಲೊಚಗುಟ್ಟುತ್ತಿದ್ದಳು. ಆ ಹುಬ್ಬು, ಆ ಲೊಚಗುಟ್ಟುವಿಕೆ ಎರಡೂ ನನಗೆ ಬಹಳ ಪರಿಚಿತ. ಅವು ನನ್ನವೇ. ಮದುವೆಯಾದಂದಿನಿಂದ ಶೇವಂತಿಯ ಬಾಯಿಗೆ ಜಟ್ಟವ್ವನ ಮನೆಯ ಧಾಟಿ ಹತ್ತಿಬಿಟ್ಟಿತ್ತು. ತನಗೆ ಹೆತ್ತ ಮಗಳ ಮಾತು ತಿಳಿಯುವುದಿಲ್ಲ ಎಂಬುದನ್ನು ಗೋದಕ್ಕ ಇಡೀ ಊರಿನಿಂದ ಬಚ್ಚಿಟ್ಟಿದ್ದಳು.

"ಅವ್ವಾ" ಎಂದಳು ಶೇವಂತಿ. "ಬಾಣಂತನ ನಾ ಅಲ್ಲೇ ಅತ್ತಿ ಮನ್ಯಾಗ ಮಾಡಿಸ್ಕೋತೀನಿ. ಇಲ್ಲಿಗೆ ಬರೂದಿಲ್ಲ. ನಿನಗ ಬ್ಯಾಸರ ಆಗೂದಿಲ್ಲಲ್ಲ?"

"ಹ್ಞೂಂ ಕಣೇ" ಎಂದಳು ಗೋದಕ್ಕ, ಮುಖದ ತುಂಬ ನಗುತ್ತಾ. "ಹಂಗೇ ಆಗ್ಲಿ. ನೀನು ಹೇಳ್ದಂಗೇ."

ಅವಳ ಬೆನ್ನ ಹಿಂದೆ ಸುಣ್ಣ ಬಳಿದ ಕೋಣೆಯ ಬಾಗಿಲು ತೆರೆದಿತ್ತು. ತೊಲೆಗೆ ಹಗ್ಗ ಬಿಗಿದು ತೊಟ್ಟಿಲು ತೂಗುಹಾಕಿ ಆಗಿತ್ತು. ಬಾಣಂತಿಗೆಂದು ಕಾಯಿಸಿಟ್ಟ ತುಪ್ಪ, ಅಂಟಿನುಂಡೆಗೆ ಆರಿಸಿಟ್ಟ ಅಂಟು, ಒಣಕೊಬ್ಬರಿ, ಖಾರದ ಪುಡಿಯ ಜಾಡಿ, ಎಲ್ಲವೂ ಸಾಲಾಗಿ ಕೂತಿದ್ದವು. ಆ ಕೋಣೆಗೆ ಆಗಲೇ ಬಾಣಂತಿ ಕೋಣೆ ಎಂದು ಹೆಸರಾಗಿತ್ತು. ನಾನು ನನ್ನ ಛತ್ರಿಯನ್ನು ಅಲ್ಲಿಟ್ಟು ಬೈಸಿಕೊಂಡಿದ್ದೆ.

ಶೇವಂತಿ ಒಮ್ಮೆ ನನ್ನ ಕಡೆ ನೋಡಿ, ಎದ್ದು ಸಂತೆಗೆ ಹೋದಳು.

"ನೋಡಿದ್ಯಾ?" ಎಂದಳು ಗೋದಕ್ಕ. "ತವರಿಗೆ ಬರೋಕೆ ಎಷ್ಟು ಆತುರ ಅವಳಿಗೆ. ಬೇಗ ಬರ್ತೀನಿ ಅಂತಿದ್ಲು."

ಹೇಳಿದರೆ ಎಂಜಲು ಮಾತು. ಹೇಳದಿದ್ದರೆ, ದಿನ ತುಂಬಿದ ಮೇಲೆ ಆ ಕೋಣೆ, ತೊಟ್ಟಿಲು, ತುಪ್ಪ ಎಲ್ಲ ಕಾಯುತ್ತಾ ಕೂರುತ್ತವೆ. ಮಗಳು ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಿ ಉತ್ತರ ತಿಳಿಯುವ ಶಕ್ತಿಯೂ ತಾಯಿಗಿಲ್ಲ. ಮೇಲಾಗಿ, ಒಪ್ಪಿದವಳು ಅವಳೇ. ಕಚೇರಿಯಲ್ಲಿ ದಾಸರಯ್ಯನವರ ಮುಂದೆ, ಹೆಸರು ಹೇಳದೆ, ಇಂಥದೊಂದು ಪ್ರಸಂಗದಲ್ಲಿ ಏನು ಮಾಡಬೇಕೆಂದು ಕೇಳಿದೆ.

"ಗೋದಕ್ಕನ ಮನೆ ವಿಷಯ ತಾನೇ?" ಅಂದರು ಅವರು. "ಮನೆ ವಿಷಯ ಪೇಪರ್ಗೆ ಬ್ಯಾಡ. ಬಾಯಿಗೂ ಬ್ಯಾಡ. ಅನ್ನ ತಿಂದು ತೆಪ್ಪಗಿರು."

ಮಾರನೆಯ ದಿನ ಮಧ್ಯಾಹ್ನ ಗೋದಕ್ಕ ಮಗಳ ಬಾಣಂತನದ ಬಗ್ಗೆಯೇ ಮಾತಾಡುತ್ತಾ ಹಪ್ಪಳ ಒತ್ತುತ್ತಿದ್ದಳು. ನಾನು ಒಣಗಿದ ಹಪ್ಪಳಗಳನ್ನು ಜೋಡಿಸಿ ಕೊಡುತ್ತಿದ್ದೆ.

"ಗೋದಕ್ಕಾ" ಎಂದೆ. "ನೀವು ನನಗೊಂದು ಪಾಠ ಹೇಳಿಕೊಟ್ಟಿದ್ದಿರಿ."

"ಯಾವ್ದಪ್ಪಾ?"

"ತಿಳಿಯದಿದ್ದರೆ ತಲೆ ಆಡಿಸಬೇಡ ಅಂತ."

ಲಟ್ಟಣಿಗೆ ನಿಂತಿತು. ಅವಳು ನನ್ನ ಮುಖ ನೋಡಲಿಲ್ಲ. ಕಿಟಕಿಯ ಸರಳಿನ ಕಡೆ, ಎಮ್ಮೆ ಕಟ್ಟಿದ್ದ ಜಾಗದ ಕಡೆ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು:

"ನಾನ್ಯಾವ ಎಮ್ಮೆ ಕಟ್ಟಿಸ್ಕೊಂಡೆ?"

"ಅದನ್ನು ನಾನು ಹೇಳುವ ಹಾಗಿಲ್ಲ."

"ಗೊತ್ತು ಬಿಡು." ಲಟ್ಟಣಿಗೆಗೆ ಅಂಟಿದ ಹಿಟ್ಟು ಕೆರೆಯುತ್ತಾ, "ದೊಡ್ಡದಾ?" ಎಂದಳು.

"ದೊಡ್ಡದು."

ಅವಳು ಅರ್ಧ ಒತ್ತಿದ ಹಪ್ಪಳವನ್ನು ಮುದ್ದೆ ಮಾಡಿ ಮತ್ತೆ ಹಿಟ್ಟಿಗೆ ಸೇರಿಸಿ ಎದ್ದಳು. ಕೈ ತೊಳೆದು ಬಂದು, "ನಾಳೆ ಮಧ್ಯಾಹ್ನ ಎಲ್ಲೂ ಉಣ್ಣಬೇಡ, ನನ್ನ ಜತೆ ಬರ್ಬೇಕು. ಒಬ್ಬಳೇ ಹೋದ್ರೆ ಸೋತು ಹೋದಂಗೆ ಕಾಣ್ತದೆ. ನೀನಿದ್ರೆ, ಪೇಪರ್ನೋರಿಗೆ ದಾರಿ ತೋರಿಸೋಕೆ ಬಂದೆ ಅನ್ಬಹುದು" ಎಂದಳು.

ಜಟ್ಟವ್ವನ ಮನೆಯ ದಾರಿ ನನಗೆ ಗೊತ್ತಿದೆಯೆಂಬುದು ಇಡೀ ಊರಿಗೆ ಗೊತ್ತಿತ್ತು. ಬಾವಿಕಟ್ಟೆಯ ಸುದ್ದಿ ಮುಖಪುಟದಲ್ಲೇ ಬಂದಿತ್ತು. ನಾನು ಅದನ್ನು ಎತ್ತಲಿಲ್ಲ.

ಗೋದಕ್ಕ ಮಗಳ ಮದುವೆಯಲ್ಲಿ ಉಟ್ಟಿದ್ದ ಸೀರೆಯನ್ನೇ ಉಟ್ಟು ಹೊರಟಳು. ಬೀದಿಯಲ್ಲಿ ಒಬ್ಬೊಬ್ಬರೇ ಬಾಗಿಲಿಗೆ ಬಂದು ನಿಂತರು. ಜಟ್ಟವ್ವ ಹೊಸಿಲಲ್ಲೇ ಇದ್ದಳು. ಎತ್ತರದ ಆಳು, ಮೊಣಕಾಲು ನೋವಿನಿಂದ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಬರ್ರಿ ಬೀಗ್ತೇರ. ನಿಮ್ಮ ದಾರಿ ಕಾದು ಕಾದು ನಮ್ಮ ಹೊಸಿಲ ಸವದು ಹೋತು."

ಗೋದಕ್ಕನಿಗೆ ಅದು ಬರೀ ಸದ್ದು. ಅಭ್ಯಾಸಬಲದಿಂದ ಅವಳ ತಲೆ 'ಹ್ಞೂಂ' ಎಂದು ಆಡಲು ಹೊರಟದ್ದನ್ನು ನಾನು ಕಂಡೆ. ಅವಳು ತಲೆಯನ್ನು ನಡುದಾರಿಯಲ್ಲೇ ತಡೆದು ನಿಲ್ಲಿಸಿದಳು. ಜಟ್ಟವ್ವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು:

"ನಂಗೆ ತಿಳೀಲಿಲ್ಲ. ತಟ್ಟೆ ಹಾಕಿ."

ಜಟ್ಟವ್ವ ಕಾಲೆಳೆದುಕೊಂಡು ಒಳಗೆ ಓಡಿದಳು. ಆಕೆ ಓಡಬಲ್ಲಳೆಂದು ಆ ಮನೆಯವರಿಗೂ ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

ತಟ್ಟೆಗಳು ಬಂದವು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಅನ್ನ, ಸಾರು. ಗೋದಕ್ಕನ ತಟ್ಟೆಯ ಪಕ್ಕದಲ್ಲಿ, ಯಾರೂ ಕೇಳದೆಯೇ, ಜಟ್ಟವ್ವ ಉಪ್ಪಿನ ಬಟ್ಟಲು ತಂದಿಟ್ಟಳು. ಗೋದಕ್ಕ ಬಟ್ಟಲನ್ನು ನೋಡಿದಳು. ಶೇವಂತಿ ಸೌಟು ಹಿಡಿದು ಕಂಬದ ಪಕ್ಕದಲ್ಲಿ ನಿಂತಿದ್ದಳು. ನಾನು ನನ್ನ ಎಣ್ಣೆಗಾಯಿಯನ್ನೇ ನೋಡುತ್ತಿದ್ದೆ. ಗೋದಕ್ಕ ಬಟ್ಟಲನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಅನ್ನಕ್ಕೆ ಸಾರು ಕಲಸಿ, ಒಂದು ತುತ್ತು ಬಾಯಿಗಿಟ್ಟಳು. ಎರಡನೆಯದನ್ನೂ ಇಟ್ಟಳು.

"ಉಪ್ಪು ಸರಿಯಾಗಿದೆ" ಎಂದಳು. "ಬಾಯಿಗಿಟ್ಟು ಹೇಳ್ತಿದೀನಿ."

"ನಮ್ಮಲ್ಲಿ ಸರೀನ ಇರ್ತೈತಿ" ಎಂದಳು ಜಟ್ಟವ್ವ. "ನಿಮ್ಮ ಸಾರಿಗೇ ಅವತ್ತು ಕಮ್ಮಿ ಇತ್ತು. ಅವತ್ತೂ ಅಂದೆ, ಹಬ್ಬಕ್ಕೊಮ್ಮೆ ಬಾಗಲಿಗೆ ಬಂದು ಅಂದೆ, ಇವತ್ತೂ ಅಂತೀನಿ."

ಪ್ರತಿಯೊಂದು ಮಾತೂ ತಿಳಿಯಿತು. ಗೋದಕ್ಕನ ಮುಖ ಕೆಂಪಾಯಿತು.

"ಇಷ್ಟು ದಿನ ಬಾಗಿಲಿಗೆ ಬಂದು ಇದನ್ನಾ ಹೇಳ್ತಿದ್ದದ್ದು?"

"ಮತ್ತೇನಂತ ತಿಳದಿದ್ರಿ?"

"ಬಾಯಿಗಿಡದೆ ನಿಮಗೆ ಕಮ್ಮಿ ಅಂತ ಹೆಂಗೆ ಗೊತ್ತಾಯ್ತು? ಅದನ್ನ ಹೇಳಿ ಮೊದ್ಲು."

"ನನ್ನ ಬಾಜೂ ಕುಂತಾಕಿ ಮಾರಿ ನೋಡಿದೆ. ಅಕಿ ಆಗಲೇ ಒಂದು ತುತ್ತು ಉಂಡಿದ್ದಳು. ಆ ಮಾರಿ ನೋಡಿದ ಮ್ಯಾಲ ಬಾಯಾಗಿಟ್ಟು ನೋಡೂದು ಏನೈತ್ರಿ?"

ಗೋದಕ್ಕ ಪಂಕ್ತಿಯನ್ನು ನೆನಪಿಸಿಕೊಂಡಳು. "ಪಕ್ಕದಲ್ಲಿ ಕೂತಿದ್ದದ್ದು ನನ್ನ ನಾದಿನಿ" ಎಂದಳು ನಿಧಾನವಾಗಿ. "ಅವಳ ಮುಖ ಯಾವಾಗ್ಲೂ ಹಂಗೇ."

ಜಟ್ಟವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಹೊಟ್ಟೆ ಅಲುಗತೊಡಗಿತು. ಗೋದಕ್ಕನೂ ತಡೆಯಲಾರದೆ ನಕ್ಕಳು. ಉಪ್ಪಿನ ವಿಷಯದಲ್ಲಿ ಯಾರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಬೀದಿಯವರ ವರದಿ ತಪ್ಪು.

ಆಗ ಶೇವಂತಿ ಸೌಟು ಹಿಡಿದು ಮುಂದೆ ಬಗ್ಗಿದಳು. "ಅವ್ವಾ, ಸಾರು ಇನ್ನೊಂದೀಟು ಹಾಕಲ್ಯಾ?"

ಗೋದಕ್ಕನ ನಗು ನಿಂತಿತು. "ಏನಂದೆ?"

"ಸಾರು ಹಾಕಲ್ಯಾ ಅಂದೆ."

"ಇನ್ನೊಂದ್ಸಲ ಹೇಳು."

"ಸಾರು, ಅವ್ವಾ. ಹಾಕಲೋ ಬ್ಯಾಡೋ?"

ಮೊದಲ ಸಲವೇ ಅವಳಿಗೆ ತಿಳಿದಿತ್ತು. ನನಗದು ಗೊತ್ತು. ಎರಡನೆಯ ಸಲ, ಮೂರನೆಯ ಸಲ ಅವಳು ಕೇಳಿಸಿಕೊಂಡದ್ದು ಬರೀ ಕೇಳಿಸಿಕೊಳ್ಳುವುದಕ್ಕೆ. "ಹಾಕು" ಎಂದಳು. ತಟ್ಟೆಯಲ್ಲಿ ಆಗಲೇ ಸಾರು ನಿಂತಿತ್ತು.

ಶೇವಂತಿ ತಾಯಿಯ ಎದುರಿಗೆ ಕೂತಳು. "ಸಂತಿ ದಿನ ನಾ ಒಂದು ಮಾತು ಅಂದಿದ್ದೆ. ಬಾಣಂತನ ಇಲ್ಲೇ ಮಾಡಿಸ್ಕೋತೀನಿ, ನಿನ್ನ ಮನಿಗೆ ಬರೂದಿಲ್ಲ ಅಂತ. ನೀ ಹ್ಞೂಂ ಅಂದಿ."

ಎಮ್ಮೆ ಎಷ್ಟು ದೊಡ್ಡದೆಂದು ಗೋದಕ್ಕನಿಗೆ ಆಗ ಗೊತ್ತಾಯಿತು. ಅವಳ ಕೈ ಅನ್ನದಲ್ಲೇ ನಿಂತಿತು. ಆದರೆ ಅವಳು ಗೋದಕ್ಕ. ಬೀಗಿತ್ತಿ ಎದುರಿಗಿದ್ದಳು. ನಾನಿದ್ದೆ. ಕಿಟಕಿಯ ಹೊರಗೆ ಬೀದಿಯಿತ್ತು.

"ಅಂದೆ" ಎಂದಳು ತಲೆ ಎತ್ತದೆ. "ಹ್ಞೂಂ ಅಂದ ಮೇಲೆ ಹ್ಞೂಂ. ನನಗೇನು ಬೇಜಾರಿಲ್ಲ."

ಶೇವಂತಿಯ ಮುಖ ಬಾಡಿಹೋಯಿತು. ಇದು ನನಗೆ ಅರ್ಥವಾಗಲಿಲ್ಲ. ಬೇಕೆಂದು ಕೇಳಿದ್ದು ಸಿಕ್ಕ ಮೇಲೆ ಬಾಡುವುದೇಕೆ? ಅಷ್ಟರಲ್ಲಿ ಜಟ್ಟವ್ವ ಸೊಂಟದ ಮೇಲೆ ಕೈಯಿಟ್ಟಳು.

"ಯಾವ ಬಾಣಂತನ? ಯಾರ ಮನ್ಯಾಗ? ಕುಂತರ ಏಳಾಕ ಬರೂದಿಲ್ಲ ನನಗ, ನಾ ಕೂಸಿಗೆ ನೀರು ಹಾಕ್ಲ್ಯಾ? ಮನಿ ನಂದು, ನನ್ನ ಯಾರು ಕೇಳೀರಿ?"

ಶೇವಂತಿ ಸೌಟು ಕೆಳಗಿಟ್ಟಳು. "ಬೇಕಂತ ಅಂದೆ ಅತ್ತೀ. ಅವ್ವ ಇಲ್ಲೆ ಬಂದು ಉಣ್ಲಿ ಅಂತ ಅಂದೆ." ತಾಯಿಯ ಕಡೆ ತಿರುಗಿದಳು. "ನಾ ಏನಂದ್ರೂ ನೀ ಹ್ಞೂಂ ಅಂತಿದ್ದಿ ಅವ್ವಾ. ಕಾಲು ಬಾತಾವ ಅಂದೆ, ಹ್ಞೂಂ ಹಂಗೇ ಆಗ್ಲಿ ಅಂದಿ. ಕೂಸು ಎರಡು ದಿನ ಮಿಸುಕಾಡಲಿಲ್ಲ, ಅಂಜಿಕಿ ಆಗಿತ್ತು ಅಂದೆ, ನಕ್ಕಿ. ಬ್ಯಾನಿ ಸುರು ಆಗಿ ನಾ ಒದರಿದ್ರ ಏನು ಮಾಡ್ತಿ? ಅದಕ್ಕೂ ಹ್ಞೂಂ ಅಂತಿಯೇನು? ನಿನಗ ತಿಳಿಯೂದಿಲ್ಲ ಅಂತ ನನಗ ಗೊತ್ತು, ಅದನ್ನ ನಿನ್ನ ಮಾರಿ ಮ್ಯಾಲ ಹೆಂಗ ಹೇಳ್ಲಿ? ಅದಕ್ಕ ಪೇಪರ್ ಅಣ್ಣನ ಮುಂದ ಅಂದೆ. ಪೇಪರ್‌ನವರ ಹೊಟ್ಟ್ಯಾಗ ಮಾತು ನಿಂದರೂದಿಲ್ಲಲ್ಲ."

"ನಾನು ಒಂದು ಮಾತೂ ಹೇಳಿಲ್ಲ" ಎಂದೆ. ವಸ್ತುಸ್ಥಿತಿ ದಾಖಲಾಗಬೇಕಿತ್ತು.

"ಹೇಳಿಲ್ಲ ಖರೆ" ಎಂದಳು ಜಟ್ಟವ್ವ. "ಮಾರಿ ನೋಡಿದ್ರ ಸಾಕು."

ಗೋದಕ್ಕ ತಟ್ಟೆಯಂಚಿನಲ್ಲಿ ಬೆರಳೊರೆಸಿದಳು. ಆಮೇಲೆ, ಬೀದಿಗೂ ಕೇಳಿಸುವಷ್ಟು ಸ್ಪಷ್ಟವಾಗಿ, "ನಂಗೆ ತಿಳೀತಿರಲಿಲ್ಲ ಕಣೇ" ಎಂದಳು. "ಮದುವೆ ಆದಾಗಿಂದ ನೀನು ಆಡಿದ್ದು ಒಂದಕ್ಷರ ತಿಳೀತಿರಲಿಲ್ಲ. ಕೇಳೋಕೆ ನಾಚಿಕೆ ಆಯ್ತು. ಮಗಳ ಮಾತು ತಿಳಿಯಲ್ಲ ಅಂತ ಯಾವ ತಾಯಿ ಹೇಳ್ತಾಳೆ?" ಕಣ್ಣಿಂದ ಇಳಿದದ್ದು ಕೆನ್ನೆ ದಾಟಿ ತಟ್ಟೆಗೆ ಬಿತ್ತು. "ಇನ್ಮೇಲೆ ಕಾಲು ಬಾತ್ರೆ ಹೇಳು. ಮಿಸುಕಾಡದಿದ್ರೆ ಹೇಳು. ಎಷ್ಟು ಸಲ ಬೇಕಾದ್ರೂ ಹೇಳು. ಕೋಣೆಗೆ ಸುಣ್ಣ ಬಳಿದಿದೀನಿ. ನಾನು ಅಂದ ಹ್ಞೂಂ ವಾಪಸ್ಸು ಕೊಡು."

"ತಗೋ" ಎಂದಳು ಶೇವಂತಿ. ಅವಳೂ ಅಳುತ್ತಿದ್ದಳು.

"ಅಳಬ್ಯಾಡ್ರಿ ಬೀಗ್ತೇರ" ಎಂದಳು ಜಟ್ಟವ್ವ. "ನಮ್ಮ ಸಾರಿಗೆ ಉಪ್ಪು ಜಾಸ್ತಿ ಆಗತೈತಿ."

ಬಾಣಂತನ ಗೋದಕ್ಕನ ಮನೆಯಲ್ಲೇ ಆಯಿತು. ಹೆಣ್ಣು ಕೂಸು. ಹೆರಿಗೆಯ ಹೊತ್ತಿನಲ್ಲಿ ಶೇವಂತಿ ಕೂಗಿದ್ದೆಲ್ಲ ತಾಯಿಗೆ ತಿಳಿಯಿತು. ಅವುಗಳಲ್ಲಿ ಕೆಲವು ತಿಳಿಯದಿದ್ದರೂ ನಡೆಯುತ್ತಿತ್ತು ಎಂದು ಗೋದಕ್ಕ ಆಮೇಲೆ ಹೇಳಿದಳು. ಜಟ್ಟವ್ವ ಕಾಲೆಳೆದುಕೊಂಡು ದಿನವೂ ಬರತೊಡಗಿದಳು. ಬಂದು, ಗೋದಕ್ಕನ ಸಾರನ್ನು ಮೊದಲು ಬಾಯಿಗಿಟ್ಟು, ಆಮೇಲೆ ಉಪ್ಪು ಕೇಳುತ್ತಿದ್ದಳು. ಈಗ ಇಬ್ಬರ ಜಗಳ ಎರಡೂ ಕಡೆಯಿಂದ ನಾಟುತ್ತಿದ್ದುದರಿಂದ, ಹಗಲು ಹೊತ್ತು ಆ ಮನೆಯಲ್ಲಿ ಕೂತು ಸುದ್ದಿ ಬರೆಯುವುದು ನನ್ನಿಂದ ಆಗುತ್ತಿರಲಿಲ್ಲ.

ಕೂಸಿಗೆ ಕತ್ತು ನಿಂತ ಮೇಲೆ ಒಂದು ಸಂಜೆ ಕಚೇರಿಯಿಂದ ಬಂದೆ. ಮೂವರು ಹೆಂಗಸರೂ ತೊಟ್ಟಿಲಿನ ಸುತ್ತ ಬಗ್ಗಿದ್ದರು. ಕೂಸು ಕೈಕಾಲು ಬಡಿಯುತ್ತಾ, ಹುಬ್ಬು ಗಂಟಿಕ್ಕಿ, ಯಾವುದೋ ಬಹಳ ಮುಖ್ಯವಾದ ವಿಷಯವನ್ನು ಒಂದೇ ಸಮನೆ ಹೇಳುತ್ತಿತ್ತು. ಅದಿನ್ನೂ ಯಾವ ಒಲೆಯ ಅನ್ನವನ್ನೂ ಉಂಡಿರಲಿಲ್ಲ. ಅದರ ಮನೆಯಲ್ಲಿ ಉಂಡು ಬರುತ್ತೇವೆಂದರೆ ಅದಕ್ಕೊಂದು ಮನೆಯೂ ಇರಲಿಲ್ಲ. ಆ ಮಾತು ತಿಳಿಯುವವರು ಆ ಊರಿನಲ್ಲಿ ಯಾರೂ ಇರಲಿಲ್ಲ.

"ಹ್ಞೂಂ ಕಣವ್ವಾ" ಎನ್ನುತ್ತಿದ್ದಳು ಗೋದಕ್ಕ.

"ಹೌದು ನನ್ನವ್ವ, ಹೌದು, ಖರೇನ ಐತಿ" ಎನ್ನುತ್ತಿದ್ದಳು ಜಟ್ಟವ್ವ.

ಶೇವಂತಿ ಸುಮ್ಮನೆ ತಲೆಯಾಡಿಸುತ್ತಿದ್ದಳು.

"ಗೋದಕ್ಕಾ" ಎಂದೆ. "ತಿಳಿಯದಿದ್ದರೆ ತಲೆ ಆಡಿಸಬಾರದು."

"ಸುಮ್ನೆ ಬಾರೋ ಇಲ್ಲಿ" ಎಂದಳು ಅವಳು ತಿರುಗಿ ನೋಡದೆ. "ಮಗು ಎಷ್ಟೊತ್ತಿಂದ ಹೇಳ್ತಾ ಇದೆ."

ನಾನು ಚಪ್ಪಲಿ ಹೊರಗೆ ಬಿಟ್ಟು ಹೋಗಿ ತೊಟ್ಟಿಲಿಗೆ ಬಗ್ಗಿದೆ. ಕೂಸು ನನ್ನ ಕಡೆ ತಿರುಗಿ, ನನ್ನ ಮೂಗನ್ನು ಹಿಡಿದು, ಇಡೀ ವಿಷಯವನ್ನು ಮತ್ತೆ ಮೊದಲಿನಿಂದ ಹೇಳಿತು. ನಾನು ಹ್ಞೂಂ ಎಂದೆ.